ಇವತ್ತು ಸಮುದ್ರ

ಸಂಜೆ ಐದಕ್ಕೆ ಮೊಂತೆವಿದೇವೊದ ದಂಡೆಗೋಡೆಯ ಮೇಲೆ
ನಾವು ನಾಲ್ವರು, ಒಂದು ಫ್ಲಾಸ್ಕು, ಒಂದು ಸೋರೆಬುರುಡೆ.
ಒಳಗೆ ಕಹಿ ಎಲೆಯ ಪುಡಿ. ಹೀರುವ ಕೊಳವೆ ಒಂದೇ,
ನಾಲ್ಕು ಬಾಯಿಗೂ ಅದೇ.
ಇದಕ್ಕೆ ಮಾತೆ ಎಂದು ಹೆಸರು.
ಮಾತೆ ಕೈಯಿಂದ ಕೈಗೆ, ಅದರ ಬೆನ್ನಿಗೇ ಮಾತು.
ಕಟ್ಟಳೆ ಒಂದುಂಟು:
ಬುರುಡೆ ಹಿಂತಿರುಗಿಸುತ್ತ 'ಗ್ರಾಸಿಯಾಸ್' ಅಂದಿರೋ,
ಸಾಕು ಎಂದರ್ಥ, ಮತ್ತೆ ನಿಮ್ಮ ಸರದಿ ಬಾರದು.
ಹಾಗಾಗಿ ಹನ್ನೊಂದು ವರ್ಷದಲ್ಲಿ ನಾವು
ಒಬ್ಬರಿಗೊಬ್ಬರು ಉಪಕಾರ ನೆನೆದದ್ದು ಕಡಿಮೆ.

ಸುಲ್ಮಾ ಶುರು ಹಚ್ಚಿದಳು:
ಬರಿಹೊಟ್ಟೆಗೆ ಬಿಸಿನೀರು, ನಿಂಬೆ, ಚಿಟಿಕೆ ಸೋಡಾ.
ನಾದಿನಿಯ ಮಂಡಿನೋವು ಮೂರೇ ವಾರಕ್ಕೆ ಮಾಯ!
'ಹೇಗೆ ಗೊತ್ತು?' ಎಂದಳು ನಿಬಿಯಾ.
ಮೂವತ್ತೆರಡು ವರ್ಷ ಹೈಸ್ಕೂಲಿಗೆ ರಸಾಯನ ಕಲಿಸಿದ ನಾಲಗೆ.
'ಓಡಾಡ್ತಾಳಲ್ಲೇ ಈಗ!'
'ಆ ಮೂರು ವಾರದಲ್ಲಿ ಇನ್ನೇನೇನು ಬದಲಾಯ್ತು?'
ಸುಲ್ಮಾ ಬೆರಳು ಮಡಚಿದಳು.
ಚಳಿ ಕಳೆಯಿತು. ಎತ್ತರದ ಚಪ್ಪಲಿ ಬಿಟ್ಟಳು.
ನಾಲ್ಕನೇ ಮಹಡಿಯ ಆ ಗೆಳೆಯನನ್ನೂ ಬಿಟ್ಟಳು,
ಅಲ್ಲಿ ಲಿಫ್ಟಿರಲಿಲ್ಲ.
ನಕ್ಕು ನಕ್ಕು ನನ್ನ ಬಿಸ್ಕತ್ತು ನೀರುಪಾಲು.
'ಆದರೂ ನಿಂಬೆ ನಿಂಬೆಯೇ' ಎಂದಳು ಸುಲ್ಮಾ.

ಎಲ್ಬಿಯೊ ನಲವತ್ತು ವರ್ಷ ಬೇಕರಿಯ ಒಲೆ ಕಾದವನು.
ಈಗ ಡಾಕ್ಟರು ಉಪ್ಪು ಬಿಡಿಸಿದ್ದಾರೆ.
'ಉಪ್ಪಿಲ್ಲದ ಬ್ರೆಡ್ಡು ಅಂದರೆ
ಒಡಹುಟ್ಟಿದವಳ ಜೊತೆ ವಕೀಲರ ಮೂಲಕ ಮಾತಾಡಿದ ಹಾಗೆ.'
ಅದು ಬರೀ ಉಪಮೆಯಲ್ಲ.
ತಂಗಿ ಪಾಯ್ಸಾಂದುವಿನಲ್ಲಿ, ಅಮ್ಮನ ಮನೆ ಕೋರ್ಟಿನಲ್ಲಿ.
'ಅವಳಿಗೆ ನಾನು ಬೇಡ.'
'ಹೇಗೆ ಗೊತ್ತು?'
'ನಾಲ್ಕು ವರ್ಷ. ಒಂದು ಫೋನಿಲ್ಲ.'
'ನೀನು ಮಾಡಿದೆಯಾ?'
ಎಲ್ಬಿಯೊ ಜೋರಾಗಿ ಹೀರಿದ.
ಬುರುಡೆಯ ತಳ ಗೊರಗೊರ ಅಂದಿತು.

ಎದುರಿಗೆ ಕಂದುನೀರು, ಆಚೆ ದಡ ಕಾಣದು.
ಇದು ನದಿಯೋ ಸಮುದ್ರವೋ
ನಮ್ಮ ಅಜ್ಜಂದಿರೂ ಕಿತ್ತಾಡಿದ್ದಾರೆ.
ನಿಬಿಯಾ ಕಿತ್ತಾಡುವುದಿಲ್ಲ. ಮೆಟ್ಟಿಲಿಳಿದು
ಬೆರಳದ್ದಿ ನೆಕ್ಕುತ್ತಾಳೆ.
'ಇವತ್ತು ಸಮುದ್ರ.'
ನಿನ್ನೆ ನದಿಯಾಗಿತ್ತು. ಗಾಳಿ ತಿರುಗಿದ ಹಾಗೆ ರುಚಿ.
ಎಲ್ಬಿಯೊ ಕೂಡ ಇಳಿದು ಬೆರಳದ್ದಿದ. ಎರಡು ಸಲ.
'ಡಾಕ್ಟರಿಗೆ ಹೇಳಬೇಡಿ.'

ನಾನು ಅಂಗಡಿಯಲ್ಲಿ ಗುಂಡಿ, ದಾರ ಮಾರುತ್ತಿದ್ದವಳು.
ಓದು ಅಷ್ಟಕ್ಕಷ್ಟೆ, ಆದರೆ ಹೊಲಿಗೆ ನನಗೆ ಸುಳ್ಳು ಹೇಳಲಾರದು.
ನಿಬಿಯಾಳ ಕೋಟಿನ ನಡುಗುಂಡಿ
ಜುಲೈಯಿಂದೀಚೆಗೆ ಎರಡು ಸಲ ಒಳಕ್ಕೆ ಸರಿದಿದೆ.
ಹಳೆಯ ದಾರದ ಗುರುತು ಇನ್ನೂ ಇದೆ,
ಇಳಿದ ನೀರು ಗೋಡೆಯಲ್ಲಿ ಗೆರೆ ಬಿಟ್ಟ ಹಾಗೆ.

'ನೀನು ಹೇಗಿದ್ದೀಯ?' ಎಂದೆ.
'ನಾನಾ? ಚೆನ್ನಾಗಿದ್ದೇನೆ.'
'ಹೇಗೆ ಗೊತ್ತು?'

ಯಾರೂ ನಗಲಿಲ್ಲ.
ಕೈಚೀಲದಿಂದ ಅವಳು ಲಕೋಟೆ ತೆಗೆದಳು.
ಆಸ್ಪತ್ರೆಯ ಮುದ್ರೆ, ಅಂಟು ಬಿಡಿಸಿಲ್ಲ, ಮೂಲೆಗಳು ಮಾತ್ರ ಸವೆದಿವೆ.
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು
ನಮ್ಮನ್ನೆಲ್ಲ ಗೋಳುಹೊಯ್ದುಕೊಂಡ ಹೆಂಗಸು
ಪ್ರಮಾಣವನ್ನೇ ಚೀಲದಲ್ಲಿಟ್ಟುಕೊಂಡು
ಒಂಬತ್ತು ದಿನ ತಿರುಗಿದ್ದಳು.

'ಇವತ್ತು ಬೆಳಗ್ಗೆ' ಎಂದಳು, ನೀರು ನೋಡುತ್ತ,
'ನಿಂಬೆನೀರು ಕುಡಿದೆ.'
ಸುಲ್ಮಾ ಗೆದ್ದವಳಂತೆ ಎದೆಯುಬ್ಬಿಸಲಿಲ್ಲ.
'ಸೋಡಾ ಹಾಕಿದೆಯಾ?' ಎಂದಳು, ಅಷ್ಟೆ, ಮೆಲ್ಲಗೆ.
'ಮರೆತೆ.'

ಅವಳ ಸರದಿಯ ಬುರುಡೆ ಅವಳಿಗೆ ಕೊಟ್ಟೆ.
ತಳ ಸದ್ದಾಗುವವರೆಗೆ ಕುಡಿದಳು.
ಹಿಂತಿರುಗಿಸುವಾಗ ಅವಳ ತುಟಿ ಅಲುಗಿತು,
ಮೂವರೂ ಅದನ್ನೇ ನೋಡಿದೆವು.
ಏನೂ ಹೇಳಲಿಲ್ಲ. ಮತ್ತೆ ಸುರಿದೆ.

ಗಾಳಿ ಆಗ್ನೇಯದ್ದು, ಜೋರಿತ್ತು.
ಲಕೋಟೆ ಗೋಡೆಯ ಮೇಲೆ, ಅದರ ಮೇಲೆ ಫ್ಲಾಸ್ಕು.
ನೀರು ಬೇಕೆಂದಾಗಲೆಲ್ಲ ಅದನ್ನೆತ್ತಬೇಕು,
ಎತ್ತಿದಷ್ಟು ಹೊತ್ತು ಯಾರದಾದರೂ ಕೈ
ಲಕೋಟೆಯ ಮೇಲೆ:
ಸುಲ್ಮಾಳದು, ಎಲ್ಬಿಯೊನ ಒದ್ದೆಬೆರಳಿನದು, ಮತ್ತೆ ಸುಲ್ಮಾಳದು.
ಫ್ಲಾಸ್ಕಿನಲ್ಲಿ ಇನ್ನು ಎರಡು ಸುತ್ತಿಗಾಗುವಷ್ಟಿತ್ತು.