ಹತ್ತಿತು, ಹಚ್ಚಿದರು

ಜಾಂಬಿಯಲ್ಲಿ ಮಗ್ರಿಬ್‌ಗೆ ಇನ್ನೂ ಒಂದು ತಾಸು.
ನದಿಗೆ ಆಚೆ ದಡವಿಲ್ಲ; ಸೂರ್ಯ, ತುಕ್ಕು ಹಿಡಿದ ಬಿಲ್ಲೆ.
ಮಸೀದಿಯ ಹಿಂದಿನ ಜಗಲಿಯಲ್ಲಿ
ಹದಿನಾಲ್ಕು ಮಕ್ಕಳು, ಒಂಬತ್ತು ಮುಖಗವಸು.

ನಿನ್ನೆಯಷ್ಟೇ ಹೇಳಿದ್ದರು ರೊಸ್ಮಾನಿಯಾರ್ ಟೀಚರು:
"ಲೋಟ ಒಡೆಯಿತು ಅನ್ನಬಾರದು ವಿಲ್ದಾನ್,
ಒಡೆದೆ ಅನ್ನಬೇಕು.
ಲೋಟಕ್ಕೆ ತಾನೇ ಒಡೆಯಲು ಬರುವುದಿಲ್ಲ."

ಇವತ್ತು ಕಾಫಿ ಅಂಗಡಿಯ ಟೀವಿ, ಗೋಡೆ ದಾಟಿ:
ಜೌಗುನೆಲಕ್ಕೆ ಬೆಂಕಿ ತಗುಲಿದೆ.
ಊರ ಮೇಲೆ ಮಂಜು ಕವಿದಿದೆ.
ಗಾಳಿಯ ಗುಣಮಟ್ಟ ತುಸು ಇಳಿದಿದೆ.

ಜುಲೈಖಾ ಕೈಯೆತ್ತಿದಳು, ಕೆಮ್ಮಿದಳು,
ಕೆಮ್ಮು ಮುಗಿಯುವವರೆಗೂ ಕೈ ಇಳಿಸಲಿಲ್ಲ.
"ನೆಲಕ್ಕೆ ತಾನೇ ಹತ್ತಿಕೊಳ್ಳಲು ಬರುತ್ತದಾ ಟೀಚರ್?
ಮಂಜಾದರೆ ಕಣ್ಣು ಯಾಕೆ ಉರೀತದೆ?"

ಟೀಚರು ಸೀಮೆಸುಣ್ಣ ಹುಡುಕಿದರು.
ಅದು ಕೈಯಲ್ಲೇ ಇತ್ತು.
ಹಲಗೆಯ ಮೇಲೆ ಬರೆದರು: ಹಚ್ಚಿದರು.
ಅದರ ಹಿಂದೆ ಒಂದು ಹೆಸರಿನಷ್ಟು ಜಾಗ ಬಿಟ್ಟರು.

ಕಂಪನಿ, ಕಂಪನಿ ಎಂದು ಕೂಗಿದವು ಮಕ್ಕಳು.
ವಿಲ್ದಾನ್ ಚಾಪೆಯ ಎಳೆ ಕೀಳುತ್ತ ಕೂತ.
ಅವನಪ್ಪ ತಾಳೆತೋಟದ ದಿನಗೂಲಿ.
ರಾತ್ರಿ ಅಂಗಿ ಸೀಮೆಎಣ್ಣೆ ನಾರುತ್ತದೆ;
ಬೆಳಿಗ್ಗೆ
ಒಲೆ ಹತ್ತುತ್ತದೆ.