ಷಷ್ಠೀ ವಿಭಕ್ತಿಯ ಮೊಲ

ಇಸೆರ್ನಿಯಾದ ಶಾಲೆ. ಯುದ್ಧ ಮುಗಿದು ಹನ್ನೊಂದನೆಯ ಚಳಿಗಾಲ.
ಇದ್ದಿಲ ಒಲೆಯ ಹತ್ತಿರ ಉಳ್ಳವರ ಮಕ್ಕಳು,
ಗಾಜಿನ ಬದಲು ರಟ್ಟು ಹೊಡೆದ ಕಿಟಕಿಯ ಹತ್ತಿರ
ಕಟುಕ ಒನೋಫ್ರಿಯೊನ ಮಗಳು ನೀವೆಸ್,
ಉಗುರಿನ ಸಂದಿಯಲ್ಲಿ ಉಪ್ಪು.

ಲ್ಯಾಟಿನ್ ಕಲಿಸುವ ಎರ್ಸಿಲಿಯಾ ಹಲಗೆಯ ಮೇಲೆ ಬರೆದದ್ದು
ಅರ್ಧ ಸಾಲು. ಯಾರದೋ ಮಾತು, ಪ್ಲೇನಾ ಲೆಪೋರಿಸ್.
ನೀವೆಸ್ ಎದ್ದು ನಿಂತು ಅರ್ಥ ಹೇಳಿದಳು:
"ಅವಳ ಮಾತಿನ ತುಂಬ ಮೊಲ."

ತರಗತಿ ನಕ್ಕಿತು.
ನಕ್ಕದ್ದು ಥಟ್ಟನೆ ನಿಂತಿತು.
ಯಾಕೆಂದರೆ ಎರ್ಸಿಲಿಯಾಳ ಮೇಲ್ದುಟಿ ಹುಟ್ಟುವಾಗಲೇ ಸೀಳಿತ್ತು,
ಆ ಸೀಳಿಗೆ ಅವರ ನುಡಿಯಲ್ಲಿ ಮೊಲದ ಹೆಸರು,
ಊರು ಅದನ್ನು ಬೆನ್ನ ಹಿಂದೆ ಕರೆಯುತ್ತಿತ್ತು.
ಬಾಯಿ ತೆರೆದಾಗೆಲ್ಲ ಅವಳ ಕರವಸ್ತ್ರ
ಬಾಗಿಲ ಪರದೆಯಂತೆ ಮೇಲೇಳುತ್ತಿತ್ತು.

ಆದರೆ ತಪ್ಪು ಪೂರ್ತಿ ತಪ್ಪಲ್ಲ.
ಲೆಪೋಸ್ ಅಂದರೆ ಸೊಗಸು, ಲೆಪುಸ್ ಅಂದರೆ ಮೊಲ.
ಪ್ರಥಮೆಯಲ್ಲಿ ಬೇರೆ ಬೇರೆ ಮನೆ,
ಷಷ್ಠಿಗೆ ಬಂದರೆ ಒಂದೇ ಹೊಸ್ತಿಲು.
ನಡುವೆ ಒಂದು ಸ್ವರದ ಎಳೆತ, ಅಷ್ಟೆ.
ಅದನ್ನು ಅವರ ಲಿಪಿ ಬರೆಯುವುದಿಲ್ಲ, ಕಿವಿಗೆ ಬಿಟ್ಟಿದೆ.
ಕನ್ನಡದಲ್ಲಿ ಬರೆಯುವ ನನಗೇನು, ಸಲೀಸು:
ಪೊ ಆದರೆ ಮೊಲ, ಪೋ ಆದರೆ ಸೊಗಸು,
ದೀರ್ಘವೊಂದು ಬಾಲವೆತ್ತಿ ಪಕ್ಕಕ್ಕೆ ಓಡಿದರೆ ಆಯಿತು.

ಪರದೆಯ ಹಿಂದಿನಿಂದ ಎರ್ಸಿಲಿಯಾ ಅಂದಳು:
ಇದು ರೂಪಕ್ಕೆ ಹೇಳುವ ಮಾತಲ್ಲ.
ಮೂಗು ನೆಟ್ಟಗಿದ್ದವರಲ್ಲಿ ಇರಲೇಬೇಕೆಂದಿಲ್ಲ.
ಜಗಳ ಬಿಡಿಸುವವನ ಒಂದು ಪದದಲ್ಲಿ ಇರುತ್ತದೆ,
ಸಾಲ ಕೇಳಲು ಬಂದವಳ ಪೀಠಿಕೆಯಲ್ಲಿ,
ತೀರಿಹೋದವರ ಸುದ್ದಿ ಆಡುತ್ತ ಆಡುತ್ತ
ತಡೆಯಲಾಗದೆ ನಗು ಬರುತ್ತದಲ್ಲ, ಅಲ್ಲಿ.
ಹಳಬರು ಅದನ್ನು ಉಪ್ಪಿನ ಜೊತೆ ಎಣಿಸುತ್ತಿದ್ದರು.

ನಮ್ಮ ಲಾವಣ್ಯದ ಒಳಗೂ ಲವಣ ಕೂತಿದೆ;
ನೆಕ್ಕಿ ನೋಡಿದವರು ಕಡಿಮೆ.

"ಮೊಲ ತಿಂದವರು ಏಳು ದಿನ ಚೆಲುವಾಗಿರುತ್ತಾರೆ ಅಂತಲೂ
ನಂಬಿದ್ದರಂತೆ. ಈ ಪದದ ಗೊಂದಲದಿಂದಲೇ ಇದ್ದೀತು."
ಗಂಟೆ ಹೊಡೆಯಿತು.

ನೀವೆಸ್‌ಗೆ ಗೊಂದಲವೇನೂ ಕಾಣಲಿಲ್ಲ.
ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.
ಮಾರನೆಯ ದಿನ ಎರ್ಸಿಲಿಯಾಳ ಮೇಜಿನ ಮೇಲೆ
ಹಳೇ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ,
ಚುನಾವಣೆಯ ಸುದ್ದಿಗೆ ಹತ್ತಿದ ರಕ್ತ.
ಒಳಗೆ ನಾಲ್ಕನೆಯ ಕಾಲು.

ಅವಮಾನವೋ, ಕಾಣಿಕೆಯೋ?
ಒಲೆಯ ಹತ್ತಿರದ ಮಕ್ಕಳು ಉಸಿರು ಬಿಗಿಹಿಡಿದರು.
ಎರ್ಸಿಲಿಯಾ ಅದನ್ನು ಚೀಲಕ್ಕೆ ಹಾಕಿಕೊಂಡಳು,
ಹಾಜರಿ ಕರೆದಳು.

ಬೇಯಿಸಿದಳೋ ಬೆಕ್ಕಿಗೆ ಹಾಕಿದಳೋ ನನಗೆ ತಿಳಿಯದು.
ಏಳು ದಿನ ಊರು ಅವಳ ಮುಖವನ್ನು ಕದ್ದು ನೋಡಿದ್ದಂತೂ ನಿಜ,
ಕಾರಂಜಿಯ ಬಳಿ, ಬಸ್ಸಿನಲ್ಲಿ, ಪೂಜೆಯ ಹೊತ್ತಿಗೆ ಇಗರ್ಜಿಯಲ್ಲಿ.
ತುಟಿ ಇದ್ದಂತೆಯೇ ಇತ್ತು.

ಎಂಟನೆಯ ದಿನ ಶನಿವಾರದ ಸಂತೆ.
ಮಗಳ ಬಾಯಿಂದ ಕೇಳಿದ ಪದವನ್ನು ಒನೋಫ್ರಿಯೊ
ಅಂಗಡಿಯ ಸ್ಲೇಟಿನ ಮೇಲೆ ದಪ್ಪಗೆ ಬರೆದಿದ್ದ:
ಲೆಪೊರೆ. ಕಿಲೋಗೆ ಏಳುನೂರು ಲೀರಾ.
ಕೆಳಗೆ ಕೊಕ್ಕೆಗಳಲ್ಲಿ ಮೂರು ಮೊಲ, ಕಿವಿ ಜೋತುಬಿದ್ದು.
"ಮೊಲ ಅಂತ ಬರೆಯೋಕೂ ಬರಲ್ಲ ಇವನಿಗೆ"
ಎಂದು ಸಾಲಿನಲ್ಲಿ ನಿಂತ ಹೆಂಗಸರು.

ಎರ್ಸಿಲಿಯಾ ಓದಿದಳು. ಮತ್ತೊಮ್ಮೆ ಓದಿದಳು.
ಕೈಗವಸು ಕಳಚಿ, ದಾರಕ್ಕೆ ಕಟ್ಟಿದ ಸೀಮೆಸುಣ್ಣ ಹಿಡಿದು
ನಡುವಿನ ದುಂಡಕ್ಷರದ ನೆತ್ತಿಯ ಮೇಲೆ
ಒಂದು ಅಡ್ಡಗೆರೆ ಎಳೆದಳು.
ಒಂದು ಕೈಯಲ್ಲಿ ಸೀಮೆಸುಣ್ಣ, ಇನ್ನೊಂದರಲ್ಲಿ ಚೀಲ.
ಕರವಸ್ತ್ರಕ್ಕೆ ಮೂರನೆಯ ಕೈ ಇರಲಿಲ್ಲ.

ಹಾಗೆಯೇ, ಸಾಲಿನ ಕೊನೆಯವರೆಗೂ ಕೇಳುವಂತೆ:
"ಒನೋಫ್ರಿಯೊ,
ಈ ಬೆಲೆ ಎಲುಬು ಸೇರಿಸಿಯೋ?"