ಷರಾ

ಮಲೇಬೆನ್ನೂರು ದಾಟಿ, ನಾಲೆಯ ಏರಿ ಇಳಿದು
ಸೂಳೆಕೆರೆ ಹಳ್ಳಕ್ಕೆ ಕಾಲಿಟ್ಟಾಗ ಏಳೂಕಾಲು.
ನಕ್ಷೆಯಲ್ಲಿ ಇದರ ಹೆಸರು ಹರಿದ್ರಾ.
ಅರಿಸಿನದ ಬಣ್ಣ ಎಲ್ಲೂ ಇಲ್ಲ,
ದಡದಲ್ಲಿ ನಿಂತ ನೀರಿನ ಮೇಲೆ ಮಾತ್ರ
ಎಣ್ಣೆ ಚೆಲ್ಲಿದಂತೆ ಒಂದು ಮಿರುಗು.
ಕಡ್ಡಿಯಿಂದ ಮುಟ್ಟಿದೆ.
ಎಣ್ಣೆಯಾಗಿದ್ದರೆ ಸುತ್ತಿ ಕೂಡಿಕೊಳ್ಳುತ್ತಿತ್ತು,
ಇದು ಹಪ್ಪಳದಂತೆ ಮುರಿಯಿತು.
ಕಬ್ಬಿಣ ತಿನ್ನುವ ಜೀವಗಳು ನೇಯ್ದ ಪೊರೆ.
ಯಾವ ಲಾರಿಯದೂ ತಪ್ಪಿಲ್ಲ.

ಗಾಜಿನಂಥ ಕೊಳವೆಯನ್ನು ತಳಕ್ಕೆ ಒತ್ತಿದೆ.
ಬಿರಡೆ ಜಡಿದು ಮೇಲೆತ್ತಿದರೆ
ಒಂದು ಮೊಳ ಕೆಸರು, ಪದರ ಪದರ:
ಮೇಲೆ ಉಗುರಿನಷ್ಟು ಕಂದು,
ಉಸಿರು ಇಳಿಯುವುದು ಅಲ್ಲಿಯವರೆಗೆ.
ಕೆಳಗೆ ಬೂದಿ, ಅದರ ಕೆಳಗೆ ಕಾಡಿಗೆ,
ಕೊಳೆತ ಮೊಟ್ಟೆಯ ನಾತ.
ನಾತ ಗಂಧಕದ್ದು.
ನಾನು ಹುಡುಕಿ ಬಂದದ್ದಕ್ಕೆ ವಾಸನೆಯೇ ಇಲ್ಲ.

ಗದ್ದೆ ಬಸಿದ ನೀರಿನ ಜೊತೆ ಬಂದ ನುಣ್ಣನೆ ಮಣ್ಣು,
ಹೋದ ಕೊಯ್ಲಿನ ಹುಲ್ಲು, ಯೂರಿಯಾ,
ಯಾರದೋ ಮದುವೆಯ ಬಾಳೆಲೆ,
ಎಲ್ಲ ಮರಳಿನ ಸಂದಿಗೆ ಮೆತ್ತಿಕೊಂಡಿವೆ.
ಕಿಟಕಿಯಿಲ್ಲದ ಆ ಕೋಣೆಯಲ್ಲಿ
ಮೊದಲು ಆಮ್ಲಜನಕ ಮುಗಿಯುತ್ತದೆ,
ಆಮೇಲೆ ನೈಟ್ರೇಟು, ಆಮೇಲೆ ತುಕ್ಕು, ಆಮೇಲೆ ಸಲ್ಫೇಟು.
ಪಂಕ್ತಿಯೆಲ್ಲ ಉಂಡು ಎದ್ದ ಮೇಲೆ
ಕೊನೆಗೆ ಕೂರುತ್ತವೆ ಕೆಲವು ಬಹಳ ಹಳೆಯ ಜೀವಗಳು,
ಗಾಳಿ ಸೋಕಿದರೆ ಬದುಕಲಾರದವು.
ಎಂಜಲೆಲೆಯಲ್ಲಿ ಉಳಿದದ್ದನ್ನು ಬಳಿದು ಉಂಡು
ತೇಗುತ್ತವೆ.
ಆ ತೇಗು ಮೀಥೇನ್.

ಹಿರೇಕೋಗಲೂರಿನ ನಮ್ಮ ಹಿತ್ತಲಲ್ಲಿ
ಗೋಬರ್ ಗ್ಯಾಸಿನ ಗುಂಡಿ ಇತ್ತು.
ಅದೇ ಅನಿಲ. ನೀಲಿ ಉರಿಯ ಮೇಲೆ
ದಿನಾ ಹಾಲು ಉಕ್ಕುತ್ತಿತ್ತು, ಅವ್ವ ಬೈಯುತ್ತಿದ್ದಳು,
ಯಾರೂ ಅದನ್ನು ಬರೆದಿಡಲಿಲ್ಲ.

ಮೇಲಿನ ಆ ಉಗುರಿನಷ್ಟು ಕಂದಿನಲ್ಲಿ
ಕಾವಲಿದೆ. ಕರಗಿ, ನಿಧಾನ ಏರಿ ಬಂದ ಮೀಥೇನನ್ನು
ಅಲ್ಲೇ ತಡೆದು ತಿಂದುಬಿಡುವ ಇನ್ನೊಂದು ಕುಲ.
ಗುಳ್ಳೆಯಾಗಿ ನುಗ್ಗಿದ್ದು ಮಾತ್ರ
ಹೆಬ್ಬಾಳು ಟೋಲಿನಲ್ಲಿ ನಿಲ್ಲದ ಲಾರಿಯಂತೆ
ಆಕಾಶಕ್ಕೆ.

ನನ್ನ ಕೆಲಸ ಆ ಲಾರಿ ಎಣಿಸುವುದು.
ಆಲಿಕೆಯನ್ನು ಬೋರಲು ಮುಳುಗಿಸಿ ನಿಂತೆ.
ಬಂದವು, ಗುಳುಗುಳು, ಒಂದರ ಹಿಂದೊಂದು.
ಸಿರಿಂಜು ತುಂಬಿತು. ಮೂರು ಸೀಸೆ ತುಂಬಿದವು.
ಕೈ ಕೆಸರಾಗಿತ್ತು;
ಬಾಯಿಯ ಮೊಸರು, ಅಂದರೆ ಫೆಲೋಶಿಪ್ಪು,
ಮೂರು ತಿಂಗಳಿಂದ ಬಾಕಿ.

ಆಚೆ ದಡದಲ್ಲಿ ಕೂಳಿ ಎತ್ತುತ್ತಿದ್ದ ಉಚ್ಚೆಂಗಮ್ಮ
ಬಹಳ ಹೊತ್ತಿನಿಂದ ನೋಡುತ್ತಿದ್ದಳು.
‘ಗುಳ್ಳೆ ಎಣಿಸಾಕೆ ಪಗಾರ ಕೊಡ್ತಾರೇನವ್ವಾ?’
‘ಕೊಡ್ತೀವಿ ಅಂದಾರೆ.’
ನಕ್ಕಳು. ಕೂಳಿಯೊಳಗಿನ ನೀರು ಸೋರಲು ಬಿಟ್ಟು,
‘ಅದು ಹಳ್ಳ ಬಿಡೂದಲ್ಲ ತಂಗಿ.
ನೀ ನಿಂತೀಯಲ್ಲ, ನಿನ್ನ ಭಾರಕ್ಕ ಬರಾಕತ್ತೈತಿ.
ಒಂದೀಟು ಸರಿ, ನೋಡು.’

ಸರಿದೆ.
ಆಲಿಕೆಯಡಿ ಸುಮ್ಮನಾಯಿತು.
ಹೊಸದಾಗಿ ಕಾಲಿಟ್ಟಲ್ಲಿ ಗುಳುಗುಳು.

‘ಮೀನಿಗೂ ಹಂಗಾ. ನೆಳ್ಳು ಬಿದ್ರ ಸಾಕು’ ಎಂದು
ಎರಡು ಕುಚ್ಚು, ಒಂದು ಏಡಿ ಸೆರಗಿಗೆ ಕಟ್ಟಿ
ಅವಳು ಹೋದಳು. ನನಗೆ ಪ್ರಾಧ್ಯಾಪಕರು
ಹೇಳಿದ್ದರೋ ಏನೋ, ಆ ದಿನ ನಾನು
ಕ್ಲಾಸಿಗೆ ಹೋಗಿರಲಿಲ್ಲವೋ.

ಪುಸ್ತಕದಲ್ಲಿ ಮೂರು ಸೀಸೆಯ ಸಂಖ್ಯೆ ಬರೆದು
ಹೊಡೆದು ಹಾಕಲಿಲ್ಲ.
ಮುಂದಿನ ಷರಾ ಕಾಲಮ್ಮಿನಲ್ಲಿ ಬರೆದೆ:
‘ನಾನು ತುಳಿದದ್ದು.’

ಆಮೇಲೆ ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತೆ,
ಆಲಿಕೆಗೆ ಹಗ್ಗ ಕಟ್ಟಿ, ನೆರಳನ್ನು ಹಿಂದಕ್ಕೆ ಎಳೆದುಕೊಂಡು.
ಎಂಟೂವರೆ. ಒಂಬತ್ತು.
ನನ್ನ ಹೆಜ್ಜೆಗುಂಡಿಗಳಿಗೆ ಕಂದು ಮಣ್ಣು ಇಳಿಯುತ್ತಿತ್ತು.
ಒಂಬತ್ತೂ ಇಪ್ಪತ್ತಕ್ಕೆ
ಒಂದು ಗುಳ್ಳೆ, ಸಾಸಿವೆಯಷ್ಟು,
ಯಾರೂ ಕೇಳದೆ.